ರಾಚೋಲ್ ಗುರುಮಠದ ಅಚ್ಚುಕೂಟ

ಪ್ರಶ್ನೆ: ಗೋವಾದ ರಾಚೋಲ್ ಸೆಮಿನರಿಯಲ್ಲಿ (ಪಾದ್ರಿಯಾಗುವವರು ಕಲಿಯುವ ಗುರುಮಠದಲ್ಲಿ) 1640ರಲ್ಲಿ ಅಚ್ಚಾದ ‘ಕನಾರಿಂ’ ವ್ಯಾಕರಣ ಕನ್ನಡದ್ದೇ?

ಉತ್ತರ: ಅಲ್ಲ, ಕೊಂಕಣಿಯದು. ಹೆಸರು ಕೇಳಿ ಮೋಸಹೋಗುವವರು ಬಹಳ. ಆಗಿನ ಪೋರ್ಚುಗೀಸರು ಗೋವಾದ ಮಾತಿಗೇ ‘ಕನಾರಿಂ’ ಅನ್ನುತ್ತಿದ್ದರು. ಬರೆದವರು ಜೆಸುಯಿಟ್ ಎಂಬ ಕ್ಯಾಥೊಲಿಕ್ ಸಂಘದ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್. ಅಚ್ಚಾಗುವ ಹೊತ್ತಿಗೆ ಅವರು ತೀರಿಕೊಂಡು 21 ವರ್ಷವಾಗಿತ್ತು. ಅವರ ಮರಾಠಿ ‘ಕ್ರಿಸ್ತಪುರಾಣ’ವೂ 1616ರಲ್ಲಿ ಇಲ್ಲೇ ಅಚ್ಚಾಯಿತು, ಅದೂ ರೋಮನ್ ಲಿಪಿಯಲ್ಲಿ. ದೇವನಾಗರಿ ಅಚ್ಚುಮೊಳೆ ಇರಲಿಲ್ಲವಲ್ಲ!

ಪ್ರಶ್ನೆ: ಸೆಮಿನರಿಯ ಆವರಣ ಎಷ್ಟು ಹಳೆಯದು?

ಉತ್ತರ: ಜುವಾರಿ ನದಿ ಪಕ್ಕದ ಹಳೇ ಕೋಟೆಯ ಜಾಗ. 1606ರಲ್ಲಿ ಜೆಸುಯಿಟರು ಕಟ್ಟಡ ಶುರುಮಾಡಿದರು. ಆಗ ಅದು ಕಾಲೇಜು. 1759ರಲ್ಲಿ ಅವರನ್ನು ಹೊರಹಾಕಿದ ಮೇಲೆ ಧರ್ಮಪ್ರಾಂತ್ಯದ (ಬಿಷಪ್ಪರ ಆಡಳಿತ ಪ್ರದೇಶದ) ಗುರುಮಠವಾಯಿತು. ಒಳಾಂಗಣದ ನೆಲದಡಿ ದೊಡ್ಡ ನೀರಿನ ತೊಟ್ಟಿಯಿದೆ. 1994ರಲ್ಲಿ ಇಲ್ಲಿ ತೆರೆದ ಕ್ರೈಸ್ತ ಕಲಾ ಸಂಗ್ರಹಾಲಯ ಈಗ ಹಳೇ ಗೋವಾದಲ್ಲಿದೆ. ಅದನ್ನು ಹುಡುಕಿಕೊಂಡು ರಾಚೋಲ್‌ಗೆ ಹೋಗಬೇಡಿ.