ಬಿ.ಕಾಂ. ಓದಿ ಗೋದಾಮಿನ ಕೆಲಸ: ಮುಂದೆ ದಾರಿ ಇದೆಯೇ?

ಪ್ರಶ್ನೆ: ಬಿ.ಕಾಂ. ಮುಗಿಸಿದ್ದೇನೆ. ಹೊಸಕೋಟೆ ಹತ್ತಿರದ ಗೋದಾಮಿನಲ್ಲಿ ಕಂಟ್ರಾಕ್ಟರ್ ಕೆಳಗೆ ಆರ್ಡರಿನ ಸಾಮಾನು ಆರಿಸಿ ತೆಗೆಯುವ ಪಿಕ್ಕರ್ ಆಗಿ ಏಳು ತಿಂಗಳಾಯಿತು. ಸಂಬಳ 16,000. ಲೋಡು ಜಾಸ್ತಿ ಇದ್ದ ದಿನ ಹನ್ನೊಂದು ಗಂಟೆ ನಿಂತೇ ದುಡಿಯಬೇಕು, ಹೆಚ್ಚುವರಿ ಹೊತ್ತಿನ ಕೂಲಿ (ಓಟಿ) ಕೇಳಿದರೆ ‘ಆಮೇಲೆ ನೋಡೋಣ’ ಅಂತಾರೆ. ‘ಇಷ್ಟು ಓದಿ ಮೂಟೆ ಹೊರೋದಾ’ ಎಂದು ಅಮ್ಮ ಅಳುತ್ತಾಳೆ. ಇದರಲ್ಲಿ ಮುಂದೆ ಬರಲು ಆಗುತ್ತದೆಯೇ ಸರ್?
– ಓದುಗ, ಚಿಂತಾಮಣಿ

ಉತ್ತರ: ಆಗುತ್ತದೆ. ನೆಲಮಂಗಲದ ಗೋದಾಮುಗಳಲ್ಲಿ ಹನ್ನೆರಡು ವರ್ಷ ದುಡಿದವನು ನಾನು, ಶುರುವಾಗಿದ್ದು ಪಿಕ್ಕಿಂಗಿನಿಂದಲೇ.

ಮೊದಲು ಪೇ ಸ್ಲಿಪ್ ತೆಗೆದು ನೋಡಿ. ತಿಂಗಳಿಗೆ 21,000ದವರೆಗಿನ ಸಂಬಳಕ್ಕೆ ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ ಇದೆ. ನಿಮ್ಮ 16,000ಕ್ಕೆ ನಿಮ್ಮಿಂದ ಹಿಡಿಯಬೇಕಾದ್ದು 120 ರೂಪಾಯಿ, ಮಾಲೀಕರ ಕಡೆಯಿಂದ 520. ಹಿಡಿದರೆ ಸಾಲದು, ಕಟ್ಟಿರಬೇಕು. ಎರಡನೇ ವರ್ಷ ಕೆಳಗಿನ ರ್‍ಯಾಕಿನಿಂದ ಎಣ್ಣೆ ಪೆಟ್ಟಿಗೆ ಎತ್ತುವಾಗ ನನ್ನ ಸೊಂಟ ಹಿಡಿಯಿತು. ಪೆಟ್ಟಿಗೆ ಇಳಿಸಲೂ ಆಗದೆ, ಮೇಲೇಳಲೂ ಆಗದೆ ಹಾಗೇ ಬಗ್ಗಿ ನಿಂತಿದ್ದೆ. ಇಎಸ್‌ಐ ಆಸ್ಪತ್ರೆಗೆ ಹೋದರೆ ನನ್ನ ಹೆಸರೇ ಇಲ್ಲ! ತಿಂಗಳು ತಿಂಗಳು ದುಡ್ಡು ಹಿಡಿದ ಕಂಟ್ರಾಕ್ಟರ್ ನನ್ನನ್ನು ನೋಂದಾಯಿಸಿಯೇ ಇರಲಿಲ್ಲ. ಅಕ್ಕ ಓಲೆ ಅಡವಿಟ್ಟು ಔಷಧಿ ತಂದಳು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಇಎಸ್‌ಐ ನಂಬರ್ ಇವತ್ತೇ ಕೇಳಿ ಪಡೆಯಿರಿ. ಪಿಎಫ್ ಪಾಸ್‌ಬುಕ್ಕನ್ನು ಉಮಂಗ್ ಆ್ಯಪ್‌ನಲ್ಲಿ ನೋಡಿ. ಕಂಟ್ರಾಕ್ಟರ್ ಬದಲಾದಾಗ ಹಳೆಯ ಯುಎಎನ್ (ಪಿಎಫ್ ಖಾತೆಯ ಗುರುತಿನ) ನಂಬರನ್ನೇ ಕೊಡಿ, ಹೊಸದು ಮಾಡಿಸಿಕೊಂಡರೆ ಹಳೆಯ ದುಡ್ಡು ತೆಗೆಯಲು ಅಲೆಯಬೇಕಾಗುತ್ತದೆ.

ದಿನಕ್ಕೆ 9, ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಇಮ್ಮಡಿ ದರ ಸಿಗಬೇಕು. ಒಳಗೆ ಹೋದ, ಹೊರಗೆ ಬಂದ ಹೊತ್ತನ್ನು ಒಂದು ಪುಟ್ಟ ಪುಸ್ತಕದಲ್ಲಿ ದಿನಾ ಬರೆದಿಡಿ. ಕಾರ್ಮಿಕ ಇಲಾಖೆಗೆ ದೂರು ಕೊಡುವ ದಿನ ಬಂದರೆ ನಿಮ್ಮ ಕೈಯಲ್ಲಿ ಇರುವುದು ಅದೊಂದೇ. ಕಂಟ್ರಾಕ್ಟರ್ ಕೂಲಿ ಕೊಡದಿದ್ದರೆ ಕೊಡುವ ಹೊಣೆ ಕಂಪನಿಯದೇ, ಅದನ್ನು ಮರೆಯಬೇಡಿ.

ಇನ್ನು ಮುಂದೆ ಬರುವ ಮಾತು. ಪಿಕ್ಕಿಂಗ್‌ನಲ್ಲಿ ವೇಗ ಕಲಿಯಬಹುದು, ಬೇರೇನೂ ಕಲಿಯಲಾಗದು. ಬಡ್ತಿಯ ಬಾಗಿಲು ಇರುವುದು ಬಂದ ಸರಕನ್ನು ಒಳಗೆ ತೆಗೆದುಕೊಳ್ಳುವ ಇನ್‌ವರ್ಡ್‌ನಲ್ಲಿ, ಸ್ಟಾಕ್ ಲೆಕ್ಕದಲ್ಲಿ. ಸಿಸ್ಟಮ್‌ನಲ್ಲಿ 48 ಪೀಸ್, ಬಿನ್ನಿನಲ್ಲಿ (ಸಾಮಾನು ಇಡುವ ಖಾನೆಯಲ್ಲಿ) 46 ಇದ್ದರೆ ಉಳಿದ ಎರಡು ಎಲ್ಲಿ ಹೋದವು? ಬಿಲ್ ತಪ್ಪೋ, ಒಡೆದು ಹೋದವೋ, ಪಕ್ಕದ ಬಿನ್ನಿಗೆ ಸೇರಿದವೋ ಎಂದು ಹುಡುಕಿ ಹೇಳುವವನನ್ನು ಯಾವ ಮ್ಯಾನೇಜರ್ ಕೂಡ ಬಿಡುವುದಿಲ್ಲ. ಲೆಕ್ಕ ಓದಿದ ನಿಮಗೆ ಇದು ನೀರು ಕುಡಿದಷ್ಟು ಸುಲಭ, ಎಕ್ಸೆಲ್ ಒಂದು ಗಟ್ಟಿ ಮಾಡಿಕೊಳ್ಳಿ. ನನ್ನ ಜೊತೆ ಲೋಡಿಂಗಿಗೆ ಸೇರಿದ್ದ ಶಿರಾ ಕಡೆಯ ಹುಡುಗನೊಬ್ಬ ಹೀಗೇ ಸ್ಟಾಕ್ ಎಣಿಸುತ್ತಾ ಐದನೇ ವರ್ಷಕ್ಕೆ ಶಿಫ್ಟ್ ಇನ್‌ಚಾರ್ಜ್ ಆದ.

ಸರಕು ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸಬಲ್ಲವರಿಗೂ ಒಳ್ಳೆಯ ಬೇಡಿಕೆ ಇದೆ. ಆದರೆ ಊಟದ ಹೊತ್ತಿನಲ್ಲಿ ಡ್ರೈವರನ ಪಕ್ಕ ನಿಂತು ಕದ್ದು ಕಲಿಯಬೇಡಿ, ತರಬೇತಿ ಪಡೆದು ಸರ್ಟಿಫಿಕೇಟ್ ತೆಗೆದುಕೊಳ್ಳಿ. ಹಾಗೆ ಕದ್ದು ಕಲಿಯಲು ಹೋದವನ ಕಾಲು ಪ್ಯಾಲೆಟ್ (ಸರಕು ಪೇರಿಸುವ ಹಲಗೆ) ಅಡಿಗೆ ಸಿಕ್ಕಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಬರುವ ಸೋಮವಾರ ಇನ್‌ಚಾರ್ಜ್ ಬಳಿ ಹೋಗಿ, ‘ಸ್ಟಾಕ್ ಎಣಿಸುವಾಗ ನನ್ನನ್ನೂ ಹಾಕಿಕೊಳ್ಳಿ ಸರ್’ ಎಂದು ಕೇಳಿ. ಒಂದು ವರ್ಷದೊಳಗೆ ಪಿಕ್ಕಿಂಗ್ ಬಿಟ್ಟು ಬೇರೆ ಕೆಲಸ ಕೊಡದಿದ್ದರೆ ಬೇರೆ ಗೋದಾಮು ನೋಡಿ. ನಿಮ್ಮ ಹೊಸಕೋಟೆ ದಾರಿಯಲ್ಲಿ ಗೋದಾಮುಗಳಿಗೇನೂ ಬರವಿಲ್ಲ.