ಇಪ್ಪತ್ತು ಕಂಪ್ಯೂಟರ್, ಮೂವರ ಕೈ: ಕಾನ್ಫಿಗರೇಷನ್ ಎಲ್ಲಿಡಬೇಕು?

ಪ್ರಶ್ನೆ: ತುಮಕೂರಿನಲ್ಲಿ ನಮ್ಮದೊಂದು ಕಂಪ್ಯೂಟರ್ ತರಬೇತಿ ಕೇಂದ್ರ ಇದೆ. ಇಲ್ಲಿ 14 ಕಂಪ್ಯೂಟರ್, ಮಧುಗಿರಿ ಶಾಖೆಯಲ್ಲಿ 6. ಎಲ್ಲದರಲ್ಲೂ ನಿಕ್ಸ್‌ಓಎಸ್ ಹಾಕಿದ್ದೇವೆ, ಅಂದರೆ ಇಡೀ ಸಿಸ್ಟಂ ಹೇಗಿರಬೇಕೆಂದು ಕಾನ್ಫಿಗರೇಷನ್ ಫೈಲುಗಳಲ್ಲಿ ಬರೆದಿಡುವ ಲಿನಕ್ಸ್. ನೋಡಿಕೊಳ್ಳುವವರು ಮೂವರು. ಒಂದರಲ್ಲಿ ಸರಿ ಮಾಡಿದ ಕಾನ್ಫಿಗರೇಷನ್ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಉಳಿದವಕ್ಕೆ ನಕಲು ಮಾಡುತ್ತಾ ಬಂದೆವು. ಹೋದ ವಾರ ಎರಡು ಕಂಪ್ಯೂಟರ್ ಬೂಟ್ ಆಗದೆ ನಿಂತವು. ಉಳಿದವುಗಳಲ್ಲಿ ಫೈಲು ಒಂದೇ ಇದ್ದರೂ ಲಿಬ್ರೆಆಫೀಸ್ ಆವೃತ್ತಿ ಬೇರೆ ಬೇರೆ. ಯಾರು ಎಲ್ಲಿ ಏನು ಬದಲಿಸಿದರು ಅಂತಲೂ ತಿಳಿಯುತ್ತಿಲ್ಲ. ಏನು ಮಾಡಬೇಕು?

ಉತ್ತರ: ಮೊದಲು ಆ ಎರಡು ಕಂಪ್ಯೂಟರ್ ಎಬ್ಬಿಸೋಣ. ಫಾರ್ಮ್ಯಾಟ್ ಮಾಡಲು ಹೋಗಬೇಡಿ. ಆನ್ ಮಾಡಿದಾಗ ಬರುವ ಬೂಟ್ ಮೆನುವಿನಲ್ಲಿ ಹಿಂದಿನ ಜನರೇಷನ್‌ಗಳ, ಅಂದರೆ ಪ್ರತಿ ಬದಲಾವಣೆಗೆ ಮುಂಚಿನ ಸಿಸ್ಟಂಗಳ, ಸಾಲು ಇರುತ್ತದೆ. ನಕಲು ಮಾಡುವುದಕ್ಕೆ ಮುಂಚಿನದನ್ನು ಆರಿಸಿ. ನಿಕ್ಸ್‌ಓಎಸ್‌ನ ಪ್ಯಾಕೇಜ್ ವ್ಯವಸ್ಥೆಯಾದ ನಿಕ್ಸ್ ಹೊಸದನ್ನು ಹಳೆಯದರ ಮೇಲೆ ಬರೆಯುವುದಿಲ್ಲ, ಪಕ್ಕದಲ್ಲಿ ಬೇರೆ ಫೋಲ್ಡರಿನಲ್ಲಿ ಇಡುತ್ತದೆ. ಈಲ್ಕೊ ಡಾಲ್‌ಸ್ಟ್ರಾ 2003ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಈ ಕೆಲಸದ ಬುನಾದಿಯೇ ಅದು. ಹಾಗಾಗಿ ನಿಮ್ಮ ಹಳೆಯ ಸಿಸ್ಟಂ ಇನ್ನೂ ಅಲ್ಲೇ ಇದೆ.

ಅವು ನಿಂತದ್ದು ಯಾಕೆ? ಹಾರ್ಡ್‌ವೇರ್ ಕಾನ್ಫಿಗರೇಷನ್ ಅನ್ನುವ ಫೈಲೂ ಪೆನ್‌ಡ್ರೈವಿನಲ್ಲಿ ಹೋಗಿರಬೇಕು. ಆಯಾ ಕಂಪ್ಯೂಟರಿನ ಡಿಸ್ಕಿನ ಗುರುತಿನ ಸಂಖ್ಯೆ ಅದರಲ್ಲಿರುತ್ತದೆ. ಇನ್ನೊಂದು ಕಂಪ್ಯೂಟರಿಗೆ ಹೋದರೆ ಅದು ತನ್ನಲ್ಲಿಲ್ಲದ ಡಿಸ್ಕನ್ನು ಹುಡುಕುತ್ತಾ ಕೂರುತ್ತದೆ. ನಿಮ್ಮ ತೊಂದರೆಯ ಬೇರು ಇಲ್ಲೇ ಇದೆ: ಯಂತ್ರದ್ದು, ಎಲ್ಲರದ್ದು, ಮನುಷ್ಯರದ್ದು ಮೂರೂ ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ಗಂಟು ಬಿಚ್ಚಬೇಕು.

ಒಂದೇ ಗಿಟ್ ರೆಪಾಸಿಟರಿ ಮಾಡಿ, ಅಂದರೆ ಯಾರು ಯಾವಾಗ ಏನು ಬದಲಿಸಿದರು ಅನ್ನುವ ದಾಖಲೆ ಇಡುವ ಫೋಲ್ಡರ್. ಪೆನ್‌ಡ್ರೈವ್ ಇವತ್ತಿಗೇ ನಿಲ್ಲಲಿ. ರೆಪಾಸಿಟರಿಯೊಳಗೆ ಪ್ರತಿ ಕಂಪ್ಯೂಟರಿಗೆ ಒಂದು ಚಿಕ್ಕ ಫೋಲ್ಡರ್. ಅಲ್ಲಿ ಅದರ ಹೆಸರು, ಅದರ ಹಾರ್ಡ್‌ವೇರ್ ಫೈಲು, ಮತ್ತು ಸ್ಟೇಟ್ ವರ್ಷನ್ ಅನ್ನುವ ಸಾಲು, ಇಷ್ಟೇ. ಆ ಸಾಲು ಮೊದಲ ಸಲ ಇನ್‌ಸ್ಟಾಲ್ ಮಾಡಿದ ಆವೃತ್ತಿಯನ್ನು ಹೇಳುತ್ತದೆ. ಸಿಸ್ಟಂ ಅಪ್‌ಗ್ರೇಡ್ ಮಾಡಿದರೂ ಅದನ್ನು ಮುಟ್ಟಬೇಡಿ. ಉಳಿದದ್ದೆಲ್ಲ ಎಲ್ಲರಿಗೂ ಸೇರಿದ ಫೈಲುಗಳಿಗೆ ಹೋಗಲಿ: ಲಿಬ್ರೆಆಫೀಸ್, ಪ್ರಿಂಟರ್, ಕನ್ನಡ ಫಾಂಟ್, ಕನ್ನಡ ಟೈಪಿಂಗಿಗೆ ಐಬಸ್ ಮತ್ತು ಅದರ ಎಂ17ಎನ್ ಎಂಜಿನ್. ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿಮಣೆ ವಿನ್ಯಾಸ ಅದರಲ್ಲೇ ಸಿಗುತ್ತದೆ. ಒಮ್ಮೆ ಬರೆದರೆ ಇಪ್ಪತ್ತರಲ್ಲೂ ಬಂತು.

ಒಂದು ಕಂಪ್ಯೂಟರಿಗೆ ಮಾತ್ರ ಬೇರೆ ಬೇಕಾದರೆ? ಪ್ಯಾಕೇಜ್ ಪಟ್ಟಿಯಂಥವು ಎರಡು ಫೈಲಿನಲ್ಲಿದ್ದರೂ ತಾವಾಗಿ ಸೇರಿಕೊಳ್ಳುತ್ತವೆ. ಹೌದು, ಇಲ್ಲ ಅನ್ನುವಂಥ ಒಂಟಿ ಬೆಲೆಗಳು ಎರಡು ಕಡೆ ಬೇರೆ ಬೇರೆ ಇದ್ದರೆ ನಿಕ್ಸ್ ದೋಷ ತೋರಿಸಿ ನಿಲ್ಲುತ್ತದೆ. ಅದಕ್ಕೆ ಸಾಮಾನ್ಯ ಫೈಲಿನಲ್ಲಿ ಎಂಕೆ ಡಿಫಾಲ್ಟ್ ಹಾಕಿ ಬರೆಯಿರಿ, ಆಗ ಕಂಪ್ಯೂಟರಿನ ಸ್ವಂತ ಫೈಲಿನ ಮಾತು ಗೆಲ್ಲುತ್ತದೆ. ಉಳಿದೆಲ್ಲವನ್ನೂ ಮೀರಿಸುವ ಎಂಕೆ ಫೋರ್ಸ್ ಅಂತಲೂ ಇದೆ. ಅದನ್ನು ಜಾಸ್ತಿ ಬಳಸಬೇಕಾಗಿ ಬಂದರೆ ಫೈಲುಗಳನ್ನು ವಿಂಗಡಿಸಿದ್ದೇ ತಪ್ಪಾಗಿದೆ ಅಂತ ನಾನು ತಿಳಿಯುತ್ತೇನೆ.

ಇನ್ನು ಲಿಬ್ರೆಆಫೀಸ್. ಫೈಲು ಒಂದೇ ಆದರೂ ಆವೃತ್ತಿ ಬೇರೆಯಾಗಲು ಕಾರಣ ಚಾನೆಲ್, ಅಂದರೆ ಪ್ಯಾಕೇಜುಗಳು ಬರುವ ಮೂಲ. ಪ್ರತಿ ಕಂಪ್ಯೂಟರಿನಲ್ಲೂ ಚಾನೆಲ್ ಬೇರೆ ಬೇರೆ ದಿನ ಅಪ್‌ಡೇಟ್ ಆಗಿರುತ್ತದೆ. ಯಾವ ಪ್ಯಾಕೇಜ್ ಸಂಗ್ರಹ ಬಳಸಬೇಕೆಂದು ರೆಪಾಸಿಟರಿಯಲ್ಲೇ ಬರೆದಿಡುವ ಫ್ಲೇಕ್‌ಗೆ ಬದಲಾಯಿಸಿ. ಅದಿನ್ನೂ ಪ್ರಾಯೋಗಿಕ ಅನ್ನುವ ಹಣೆಪಟ್ಟಿ ಹೊತ್ತಿದೆ, ಕಾನ್ಫಿಗರೇಷನ್‌ನಲ್ಲಿ ಒಂದು ಸಾಲು ಹಾಕಿ ತೆರೆಯಬೇಕು. ಆದರೆ ನಿಮ್ಮಂಥ ಕೆಲಸಕ್ಕೆ ಇದೇ ಸರಿ. ಫ್ಲೇಕ್ ಲಾಕ್ ಫೈಲಿನಲ್ಲಿ ಪ್ಯಾಕೇಜ್ ಸಂಗ್ರಹದ ನಿಖರ ಗುರುತು ಕೂತಿರುತ್ತದೆ. ಲಾಕ್ ಫೈಲು ಗಿಟ್‌ನಲ್ಲಿದ್ದರೆ, ಅದನ್ನು ಎಳೆದುಕೊಂಡು ಕಟ್ಟಿದ ಎಲ್ಲ ಕಂಪ್ಯೂಟರಿನಲ್ಲೂ ಅದೇ ಆವೃತ್ತಿ. ಲಾಕ್ ಅಪ್‌ಡೇಟ್ ಮಾಡುವ ಕೆಲಸ ಮೂವರಲ್ಲಿ ಒಬ್ಬರಿಗೇ ಇರಲಿ. ಸುಮ್ನೆ ಆಗಾಗ ಮಾಡಬೇಡಿ. ನಿಕ್ಸ್‌ಓಎಸ್‌ನ ಹೊಸ ಆವೃತ್ತಿ ವರ್ಷಕ್ಕೆರಡು ಸಲ, ಮೇ ಮತ್ತು ನವೆಂಬರ್ ಹೊತ್ತಿಗೆ ಬರುತ್ತದೆ. ಆ ದೊಡ್ಡ ಬದಲಾವಣೆಯನ್ನು ತರಗತಿ ಇಲ್ಲದ ದಿನಕ್ಕೆ ಇಟ್ಟುಕೊಳ್ಳಿ. ಇನ್ನೊಂದು, ಹೊಸ ಫೈಲು ಬರೆದ ಮೇಲೆ ಗಿಟ್ ಆ್ಯಡ್ ಮಾಡದಿದ್ದರೆ ಫ್ಲೇಕ್‌ಗೆ ಅದು ಕಾಣುವುದೇ ಇಲ್ಲ. ಫೈಲು ಕಣ್ಣೆದುರಿಗಿದ್ದರೂ ಇಲ್ಲ ಅನ್ನುತ್ತದೆ. ಹೊಸಬರು ಇದರಲ್ಲಿ ಅರ್ಧ ದಿನ ಕಳೆಯುವುದನ್ನು ನೋಡಿದ್ದೇನೆ.

ಈಗ ಮನುಷ್ಯರದ್ದು. ನಿಮ್ಮ ಮೂವರ ಖಾತೆ ಮತ್ತು ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ) ಕೀಲಿಗಳು ಸಾಮಾನ್ಯ ಫೈಲಿನಲ್ಲಿರಲಿ. ಒಬ್ಬರು ಕೆಲಸ ಬಿಟ್ಟರೆ ಅಲ್ಲಿಂದ ತೆಗೆದು ಎಲ್ಲೆಡೆ ಹಾಕಿದರಾಯ್ತು. ಮ್ಯೂಟಬಲ್ ಯೂಸರ್ಸ್ ಅನ್ನುವುದನ್ನು ಆಫ್ ಮಾಡಿದರೆ ಯಾರೋ ಕೈಯಲ್ಲಿ ಸೇರಿಸಿದ ಖಾತೆ, ಬದಲಿಸಿದ ಪಾಸ್‌ವರ್ಡ್ ಉಳಿಯುವುದಿಲ್ಲ. ಲ್ಯಾಬಿಗೆ ಅದು ಒಳ್ಳೆಯದೇ. ಮುಂದೆ ಹೋಮ್ ಫೋಲ್ಡರುಗಳನ್ನು ಸರ್ವರಿನಲ್ಲಿಟ್ಟು ಹಂಚುವ ಯೋಚನೆ ಇದ್ದರೆ ಬಳಕೆದಾರರನ್ನು ಗುರುತಿಸುವ ಯುಐಡಿ ಸಂಖ್ಯೆಯನ್ನೂ ಈಗಲೇ ಬರೆದಿಡಿ. ಇಲ್ಲದಿದ್ದರೆ ಪ್ರತಿ ಕಂಪ್ಯೂಟರ್ ತನಗೆ ತೋಚಿದ ಸಂಖ್ಯೆ ಕೊಡುತ್ತದೆ, ಒಬ್ಬರ ಫೈಲು ಇನ್ನೊಬ್ಬರ ಹೆಸರಿನಲ್ಲಿ ಕಾಣುತ್ತದೆ.

ಎಡಿಟರ್ ಬಣ್ಣ, ಶೆಲ್ ಅಲಿಯಾಸ್ ಥರದ ಸ್ವಂತ ಇಷ್ಟಗಳನ್ನು, ಪ್ರತಿಯೊಬ್ಬರ ಸೆಟ್ಟಿಂಗ್ ನೋಡಿಕೊಳ್ಳುವ ಹೋಮ್ ಮ್ಯಾನೇಜರಿಗೆ ಬಿಡಿ. ಅದನ್ನು ಸಿಸ್ಟಂ ಜೊತೆ ಬೆಸೆಯದೆ ಬೇರೆಯಾಗಿ ನಡೆಸಿದರೆ ಪ್ರತಿಯೊಬ್ಬರೂ ರೂಟ್ ಅನುಮತಿ ಇಲ್ಲದೆ ತಮ್ಮದನ್ನು ತಾವೇ ಬದಲಿಸಿಕೊಳ್ಳಬಹುದು. ಒಬ್ಬರ ಇಷ್ಟ ಇನ್ನೊಬ್ಬರ ಕೆಲಸ ಕೆಡಿಸಬಾರದು, ಅಲ್ವಾ?

ಮಧುಗಿರಿಗೆ ಪ್ರತಿ ಸಲ ಬಸ್ಸು ಹತ್ತಬೇಕಿಲ್ಲ. ನಿಕ್ಸ್‌ಓಎಸ್ ರೀಬಿಲ್ಡ್ ಆಜ್ಞೆಗೆ ಟಾರ್ಗೆಟ್ ಹೋಸ್ಟ್ ಕೊಟ್ಟರೆ ಇಲ್ಲೇ ಕಟ್ಟಿ, ಅಲ್ಲಿ ಇಲ್ಲದ ಭಾಗಗಳನ್ನಷ್ಟೇ ಎಸ್‌ಎಸ್‌ಎಚ್ ಮೂಲಕ ಕಳಿಸುತ್ತದೆ. ಆದರೆ ದೂರದ ಕಂಪ್ಯೂಟರಿಗೆ, ಬದಲಾವಣೆಯನ್ನು ಬೂಟ್ ಮೆನುವಿಗೂ ಸೇರಿಸುವ ಸ್ವಿಚ್ ಅನ್ನು ಮೊದಲೇ ಕೊಡಬೇಡಿ, ಟೆಸ್ಟ್ ಕೊಡಿ. ನಾನೊಮ್ಮೆ ತುಮಕೂರಿನಲ್ಲಿ ಕೂತು ಶಿರಾದ ಒಂದು ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ ತಪ್ಪಾಗಿ ಬರೆದು ಸ್ವಿಚ್ ಮಾಡಿದ್ದೆ. ಸಂಪರ್ಕ ಹೋಯಿತು. ರೀಬೂಟ್ ಮಾಡಿಸಿದರೂ ಅದೇ ತಪ್ಪು ವಿಳಾಸದಲ್ಲೇ ಎದ್ದಿತು, ಕೊನೆಗೆ ಹೋಗಲೇಬೇಕಾಯಿತು. ಟೆಸ್ಟ್ ಆದರೆ ಬದಲಾವಣೆ ಜಾರಿಯಾಗುತ್ತದೆ, ಬೂಟ್ ಮೆನುವಿಗೆ ಸೇರುವುದಿಲ್ಲ. ಕೆಟ್ಟರೆ ಅಲ್ಲಿರುವವರಿಗೆ ಫೋನ್ ಮಾಡಿ ಪವರ್ ಬಟನ್ ಒತ್ತಿಸಿ, ಹಳೆಯದೇ ಏಳುತ್ತದೆ. ಎಲ್ಲ ಸರಿ ಕಂಡ ಮೇಲೆ ಸ್ವಿಚ್.

ಪ್ರಶ್ನೆ: ನಮ್ಮ ಕೋಲಾರದ ಕಚೇರಿಯ ವೈಫೈ ಪಾಸ್‌ವರ್ಡನ್ನು ನಿಕ್ಸ್ ಫೈಲಿನಲ್ಲೇ ಬರೆದಿದ್ದೇನೆ. ರೆಪಾಸಿಟರಿ ಖಾಸಗಿ. ಸಾಕಲ್ಲವೇ?

ಉತ್ತರ: ಸಾಲದು. ಫೈಲಿನಲ್ಲಿ ಬರೆದದ್ದು ನಿಕ್ಸ್ ತಾನು ಕಟ್ಟಿದ್ದನ್ನೆಲ್ಲ ಇಡುವ ಸ್ಟೋರಿಗೆ ಹೋಗುತ್ತದೆ. ಆ ಕಂಪ್ಯೂಟರಿಗೆ ಲಾಗಿನ್ ಆದ ಯಾರು ಬೇಕಾದರೂ ಸ್ಟೋರ್ ಓದಬಹುದು. ಸಾಪ್ಸ್-ನಿಕ್ಸ್ ಅಥವಾ ಏಜ್‌ನಿಕ್ಸ್ ಬಳಸಿ. ಗುಟ್ಟು ಬೀಗ ಹಾಕಿಕೊಂಡೇ ಗಿಟ್‌ನಲ್ಲಿರುತ್ತದೆ, ಆಯಾ ಕಂಪ್ಯೂಟರಿನ ಕೀಲಿಯಿಂದ ಅಲ್ಲಿ ಮಾತ್ರ ತೆರೆಯುತ್ತದೆ. ಈಗಾಗಲೇ ಬರೆದಿರುವ ಪಾಸ್‌ವರ್ಡನ್ನು ಅಳಿಸಿದರೂ ಗಿಟ್ ಇತಿಹಾಸದಲ್ಲಿ ಉಳಿದಿರುತ್ತದೆ. ವೈಫೈ ಪಾಸ್‌ವರ್ಡನ್ನೇ ಬದಲಿಸಿ.

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿ ನಮ್ಮ ಕಂಪ್ಯೂಟರಿನ ಡಿಸ್ಕ್ ಪದೇ ಪದೇ ತುಂಬುತ್ತದೆ.

ಉತ್ತರ: ಹಳೆಯ ಜನರೇಷನ್‌ಗಳು ಜಾಗ ಹಿಡಿದಿವೆ. ಬೇಡವಾದದ್ದನ್ನು ತಾನೇ ಗುಡಿಸುವ ನಿಕ್ಸ್ ಜಿಸಿ ಆಟೊಮ್ಯಾಟಿಕ್ ಆನ್ ಮಾಡಿ, 30 ದಿನಕ್ಕಿಂತ ಹಳೆಯದನ್ನು ಅಳಿಸು ಅಂತ ಬರೆಯಿರಿ. ಅಳಿಸಿದ್ದಕ್ಕೆ ವಾಪಸ್ ಹೋಗಲು ಆಗುವುದಿಲ್ಲ, ಅದಕ್ಕೇ ದಿನಗಳನ್ನು ತೀರಾ ಕಡಿಮೆ ಮಾಡಬೇಡಿ. ತುಂಬಿರುವುದು ಬೂಟ್ ವಿಭಾಗವಾದರೆ ಮೆನುವಿನಲ್ಲಿ ಉಳಿಯುವ ಜನರೇಷನ್‌ಗಳಿಗೆ ಮಿತಿ ಹಾಕಿ. ಹತ್ತು ಇದ್ದರೆ ಧಾರಾಳ.