ಶ್ರವಣ ನರದ ಗಡ್ಡೆ ಪತ್ತೆಗೆ ಸಿಟಿ ಸ್ಕ್ಯಾನ್ ಸಾಕೇ?

ಒಂದು ಕಿವಿ ಮಾತ್ರ ಮಂದವಾಗಿ, ಅದರಲ್ಲೇ ಗುಂಯ್‌ಗುಡುವ ಸದ್ದಿರುವವರಿಗೆ ಶ್ವಾನ್ನೋಮಾ ಎಂಬ ಶ್ರವಣ ನರದ ಗಡ್ಡೆ ಇದೆಯೇ ಎಂದು ಸಿಟಿ ಸ್ಕ್ಯಾನ್ ಒಂದರಿಂದಲೇ ತಿಳಿಯಬಹುದೇ ಎಂದು ಕೇಳಿದ್ದೀರಿ. ಗಡ್ಡೆ ದೊಡ್ಡದಿದ್ದರೆ ತಿಳಿಯಬಹುದು; ಚಿಕ್ಕದಿದ್ದರೆ ಸಿಟಿಯನ್ನೇ ನಂಬಿ ಕೂರುವಂತಿಲ್ಲ. ನರದ ಹೊದಿಕೆಯ ಶ್ವಾನ್ ಕೋಶಗಳಿಂದ ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುವ, ಕ್ಯಾನ್ಸರ್ ಅಲ್ಲದ ಈ ಗಡ್ಡೆ ಮೆದು ಅಂಗಾಂಶವಾದ್ದರಿಂದ, ಗಡ್ಡೆ ಎದ್ದು ಕಾಣುವಂತೆ ಮಾಡುವ ಕಾಂಟ್ರಾಸ್ಟ್ ಔಷಧಿ ಕೊಡದೆ ತೆಗೆದ ಸಿಟಿಯಲ್ಲಿ ಪಕ್ಕದ ಮಿದುಳಿನ ಬೂದು ಛಾಯೆಯಲ್ಲೇ ಬೆರೆತುಹೋಗಬಹುದು. ಸಿಟಿಯ ಬಲವಿರುವುದು ಮೂಳೆಯನ್ನು ತೋರಿಸುವುದರಲ್ಲಿ: ನರ ಹಾದುಹೋಗುವ ಮೂಳೆಯ ನಾಳದ ಬಾಯಿ ಒಂದು ಬದಿಯಲ್ಲಿ ತುತ್ತೂರಿಯಂತೆ ಅಗಲವಾಗಿ, ಇನ್ನೊಂದು ಬದಿಯಲ್ಲಿ ಮಾಮೂಲಿನಂತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಗಡ್ಡೆಯೊಳಗೆ ಸುಣ್ಣಗಟ್ಟಿದ ಕಲೆಗಳು ಕಂಡರೆ ಮೆನಿಂಜಿಯೋಮಾದ (ಮಿದುಳಿನ ಹೊದಿಕೆಯಿಂದ ಬೆಳೆಯುವ ಗಡ್ಡೆ) ಕಡೆಗೂ ಯೋಚಿಸಬೇಕು. ಖಚಿತಪಡಿಸಲು ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಔಷಧಿ ಕೊಟ್ಟು ಮಾಡುವ ಎಂಆರ್‌ಐಯೇ ಮೇಲು; ಎಂಆರ್‌ಐಗೆ ಹೊಂದದ ಪೇಸ್‌ಮೇಕರ್ ಇರುವಂಥವರಿಗೆ ಕಾಂಟ್ರಾಸ್ಟ್ ಸಿಟಿಯ ಮೊರೆ ಹೋಗಬೇಕಾಗುತ್ತದೆ.